ದೂರಶಿಕ್ಷಣ: ನಿಮ್ಮ ಫೀಸು ಯಾರ ಖಾತೆಗೆ ಹೋಗ್ತಿದೆ?

(ಪರದೆ ಮೇಲೆ: ಒಂದು ರಸೀದಿ. ಹೆಸರು, ನಂಬರು ಮಸುಕು.)

ನಮಸ್ಕಾರ. ಈ ರಸೀದಿಯನ್ನ ಸ್ವಲ್ಪ ಹತ್ತಿರದಿಂದ ನೋಡಿ. ಮೇಲ್ಗಡೆ ಒಂದು ವಿಶ್ವವಿದ್ಯಾಲಯದ ಲೋಗೊ, ದೊಡ್ಡದಾಗಿ. ಕೆಳಗೆ 'ಬಿಕಾಂ, ಮೊದಲ ವರ್ಷ'. ಮೊತ್ತ 28,000 ರೂಪಾಯಿ. ಈಗ ಸೀಲ್ ಬಿದ್ದಿರೋ ಮೂಲೆಗೆ ಬನ್ನಿ. ಅಲ್ಲಿ ವಿಶ್ವವಿದ್ಯಾಲಯದ ಸುಳಿವೇ ಇಲ್ಲ, ಯಾವುದೋ 'ಎಜುಕೇಶನಲ್ ಕನ್ಸಲ್ಟೆನ್ಸಿ' ಹೆಸರಿದೆ. ಅದರ ಕೆಳಗೆ ಇರುವೆ ಸಾಲಿನ ಥರ ಅಕ್ಷರ: 'ಸೇವಾ ಶುಲ್ಕ, ವಾಪಸ್ ಇಲ್ಲ'.

ಇದನ್ನ ಕಳಿಸಿದ್ದು ಮುಂಬಯಿಯ ಸಾಕಿನಾಕಾದ ಒಂದು ಹೋಟೆಲಿನಲ್ಲಿ ಗಲ್ಲೆ ಮೇಲೆ ಕೂರೋ ಕುಂದಾಪುರ ಕಡೆಯ ಹುಡುಗ. ಪುಸ್ತಕ ಬರಲಿಲ್ಲ, ಹಾಲ್ ಟಿಕೆಟ್ ಬರಲಿಲ್ಲ. ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿದ್ರೆ 'ಈ ಹೆಸರಿನ ಅಡ್ಮಿಶನ್ನೇ ಇಲ್ಲ' ಅಂದ್ರಂತೆ. ಅವರು ಸುಳ್ಳು ಹೇಳ್ತಿರಲಿಲ್ಲ ಮಾರಾಯ್ರೇ. ದುಡ್ಡು ಅಲ್ಲಿಗೆ ಮುಟ್ಟಿರಲೇ ಇಲ್ಲ.

(ಪರದೆ ಮೇಲೆ: ಲೋಕಲ್ ಟ್ರೈನ್ ಡಬ್ಬಿಯೊಳಗೆ ಅಂಟಿಸಿದ 'ಘರ್ ಬೈಠೇ ಡಿಗ್ರಿ' ಚೀಟಿ)

ನಮಗೆ ಕೋರ್ಸ್ ಮಾರೋರು ಒಬ್ರು, ಡಿಗ್ರಿ ಕೊಡೋರು ಇನ್ನೊಬ್ರು. ದೂರಶಿಕ್ಷಣದಲ್ಲಿ ಕೈ ಸುಟ್ಟುಕೊಂಡವರ ಕತೆ ಬಹುಪಾಲು ಇವರಿಬ್ಬರ ನಡುವಿನ ಸಂದಿಯಲ್ಲೇ ಶುರುವಾಗುತ್ತೆ. ಫೋನಿನಲ್ಲಿ ಜೇನಿನಂಥ ಮಾತಾಡೋ 'ಕೌನ್ಸೆಲರ್' ಮೇಡಂಗೆ ತಿಂಗಳ ಟಾರ್ಗೆಟ್ ಇರುತ್ತೆ, ಅಡ್ಮಿಶನ್ ಲೆಕ್ಕದಲ್ಲಿ ಇನ್ಸೆಂಟಿವ್ ಇರುತ್ತೆ. 'ಸ್ಕಾಲರ್‌ಶಿಪ್ ಇವತ್ತು ರಾತ್ರಿ 12ಕ್ಕೆ ಮುಗಿಯುತ್ತೆ ಸರ್' ಅನ್ನೋದು ಆ ಟಾರ್ಗೆಟ್ಟಿನ ಮಾತು. ನಾಳೆ ಬೆಳಿಗ್ಗೆ ಫೋನ್ ಮಾಡಿ ನೋಡಿ, ಸ್ಕಾಲರ್‌ಶಿಪ್ ಹಾಗೇ ಇರುತ್ತೆ.

ಮುಂಬಯಿ ಕನ್ನಡಿಗರಿಗೆ ಇದನ್ನ ಯಾಕೆ ಒತ್ತಿ ಹೇಳ್ತಿದ್ದೀನಿ ಅಂದ್ರೆ, ದುಡೀತಾ ಓದೋದು ಇಲ್ಲಿ ನಮಗೆ ಹೊಸದಲ್ಲ. ಹಗಲು ಕ್ಯಾಂಟೀನಿನಲ್ಲಿ ಕಪ್ಪು ತೊಳೆದು ರಾತ್ರಿ ಫೋರ್ಟ್ ಕಡೆಯ ಕನ್ನಡ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮಾಡಿದವರು, ಆಮೇಲೆ ಬ್ಯಾಂಕು ಸೇರಿದವರು, ವಕೀಲರಾದವರು ಎಷ್ಟು ಮಂದಿ! ಆ ಶಾಲೆಗಳಲ್ಲಿ ಮೇಷ್ಟ್ರ ಮುಖ ಕಾಣ್ತಿತ್ತು. ಈಗ ಕಾಣೋದು ವಾಟ್ಸಾಪ್ ಡಿಪಿ ಮಾತ್ರ.

ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ವಿಷಯ ನೆನಪಿದೆಯಾ? 1996ರಲ್ಲಿ ಶುರುವಾದ ಸರಕಾರಿ ವಿಶ್ವವಿದ್ಯಾಲಯ ಅದು, ಹೆಸರು ಕೇಳಿದ್ರೆ ಊರಿನವರಿಗೆ ಧೈರ್ಯ. ಆದ್ರೆ ರಾಜ್ಯದ ಹೊರಗೆಲ್ಲ ಖಾಸಗಿ ಸಹಯೋಗದಲ್ಲಿ ಕೇಂದ್ರ ತೆರೆದದ್ದಕ್ಕೆ ಯುಜಿಸಿ, ಅಂದ್ರೆ ವಿಶ್ವವಿದ್ಯಾಲಯಗಳ ಮೇಲೆ ಕಣ್ಣಿಡೋ ಕೇಂದ್ರದ ಆಯೋಗ, ತಕರಾರು ತೆಗೆಯಿತು. 2012-13ರ ನಂತರ ಮಾನ್ಯತೆ ಇಲ್ಲ ಅಂತ 2015ರಲ್ಲಿ ಬಹಿರಂಗ ಪ್ರಕಟಣೆಯನ್ನೇ ಹೊರಡಿಸಿತು. ಮಾನ್ಯತೆ ಮತ್ತೆ ಸಿಕ್ಕಿದ್ದು 2018ರಲ್ಲಿ. ನಡುವೆ ಸೇರಿಕೊಂಡವರು ಸರ್ಟಿಫಿಕೇಟ್ ಹಿಡ್ಕೊಂಡು ಪರದಾಡಿದ್ರು. ಅಂದ್ರೆ ವಿಶ್ವವಿದ್ಯಾಲಯ ಅಸಲಿಯಾಗಿದ್ರೆ ಮಾತ್ರ ಸಾಲದು. ಆ ಕೋರ್ಸಿಗೆ, ನೀವು ಸೇರೋ ವರ್ಷಕ್ಕೆ ಅನುಮತಿ ಇದೆಯಾ ಅಂತಾನೂ ನೋಡಬೇಕು.

(ಪರದೆ ಮೇಲೆ: ಯುಜಿಸಿಯ ದೂರಶಿಕ್ಷಣ ಬ್ಯೂರೋ ಜಾಲತಾಣ)

ನೋಡೋದು ಇಲ್ಲಿ. ಈ ಬ್ಯೂರೋವನ್ನ ಚಿಕ್ಕದಾಗಿ ಡೆಬ್ ಅಂತಾರೆ. ವಿಶ್ವವಿದ್ಯಾಲಯದ ಹೆಸರು ಹುಡುಕಿ, ವರ್ಷ ಆರಿಸಿ, ಪಟ್ಟಿಯಲ್ಲಿ ನಿಮ್ಮ ಕೋರ್ಸ್ ಇದೆಯಾ ನೋಡಿ. ಏಜೆಂಟ್ ಕಳಿಸಿದ ಪಿಡಿಎಫ್ ನಂಬಬೇಡಿ, ನೀವೇ ತೆರೆದು ನೋಡಿ. 2020ರ ಯುಜಿಸಿ ನಿಯಮದ ಪ್ರಕಾರ ವಿಶ್ವವಿದ್ಯಾಲಯ ತನ್ನ ಕೋರ್ಸ್ ನಡೆಸೋಕೆ ಬೇರೆಯವರಿಗೆ ಫ್ರಾಂಚೈಸಿ ಕೊಡೋ ಹಾಗೇ ಇಲ್ಲ. ದೂರಶಿಕ್ಷಣಕ್ಕೆ ರಾಜ್ಯದ ವಿಶ್ವವಿದ್ಯಾಲಯ ತನ್ನ ರಾಜ್ಯದ ಗಡಿ ದಾಟಿ ಕಲಿಕಾ ಕೇಂದ್ರ ತೆರೆಯೋ ಹಾಗಿಲ್ಲ. ಹಾಗಾಗಿ ದಾದರ್ ಸ್ಟೇಷನ್ ಎದುರು ಬೇರೆ ರಾಜ್ಯದ ವಿಶ್ವವಿದ್ಯಾಲಯದ 'ಅಧಿಕೃತ ಸ್ಟಡಿ ಸೆಂಟರ್' ಬೋರ್ಡು ಕಂಡ್ರೆ ಹುಷಾರು. ಪೂರ್ತಿ ಆನ್‌ಲೈನ್ ಕೋರ್ಸಿಗೆ ಮಾತ್ರ ಈ ಗಡಿ ಇಲ್ಲ.

ಎಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ, ಕಾನೂನು ಪದವಿ ದೂರಶಿಕ್ಷಣದಲ್ಲಿ ಇಲ್ಲ. 2025ರಿಂದ ಸೈಕಾಲಜಿಯೂ ಇಲ್ಲ. 'ಮೂರು ವರ್ಷದ ಡಿಗ್ರಿ ಒಂದೇ ಸಿಟ್ಟಿಂಗ್‌ನಲ್ಲಿ' ಅಂದವರ ಜೊತೆ ಮಾತು ಬೆಳೆಸೋದೇ ಬೇಡ.

2024ರಿಂದ ಇನ್ನೊಂದು ಬಂದಿದೆ, ಡೆಬ್ ಐಡಿ, ಅಂದ್ರೆ ಡೆಬ್ ಜಾಲತಾಣದಲ್ಲಿ ಸಿಗೋ ವಿದ್ಯಾರ್ಥಿಯ ಗುರುತಿನ ಸಂಖ್ಯೆ. ಅಡ್ಮಿಶನ್ ಆಗಬೇಕಾದ್ರೆ ವಿದ್ಯಾರ್ಥಿ ಇದನ್ನ ಮಾಡಿಕೊಳ್ಳಲೇಬೇಕು. 'ನಾವೇ ಮಾಡಿಕೊಡ್ತೀವಿ, ಓಟಿಪಿ ಹೇಳಿ' ಅಂತಾರೆ ಏಜೆಂಟರು. ಹೇಳಬೇಡಿ.

ಯಾಕಂದ್ರೆ ಓಟಿಪಿ ವಿಷಯದಲ್ಲಿ ಇದಕ್ಕಿಂತ ದೊಡ್ಡ ಪಂಗನಾಮ ಒಂದಿದೆ.

(ಪರದೆ ಮೇಲೆ: ಮೊಬೈಲಿನಲ್ಲಿ ಎಸ್ಸೆಮ್ಮೆಸ್, 'ನಿಮ್ಮ ಸಾಲ ಮಂಜೂರಾಗಿದೆ')

'ಸೀಟ್ ಬುಕ್ ಮಾಡೋಕೆ ಆಧಾರ್, ಪ್ಯಾನ್ ಕಳಿಸಿ. ನೋ ಕಾಸ್ಟ್ ಇಎಂಐ ಸರ್, ತಿಂಗಳಿಗೆ ಇಷ್ಟೇ.' ಓಟಿಪಿ ಬರುತ್ತೆ, ನೀವು ಹೇಳ್ತೀರಿ. ಅಷ್ಟರಲ್ಲಿ ಒಂದು ಫೈನಾನ್ಸ್ ಕಂಪನಿ ನಿಮ್ಮ ಹೆಸರಲ್ಲಿ ಸಾಲ ಕೊಟ್ಟಾಗಿದೆ, ಪೂರ್ತಿ ಹಣ ಕೋರ್ಸ್ ಮಾರೋರ ಖಾತೆಗೆ ಹೋಗಿದೆ. ಇದನ್ನ ಕಂತಿನ ಫೀಸು ಅಂದುಕೊಂಡವರು 'ಕ್ಲಾಸ್ ಸರಿಯಿಲ್ಲ, ಮುಂದಿನ ತಿಂಗಳಿಂದ ಕಟ್ಟಲ್ಲ' ಅಂತ ನಿಲ್ಲಿಸ್ತಾರೆ. ಕ್ಲಾಸು ನಿಂತರೂ ಸಾಲ ನಿಲ್ಲಲ್ಲ. ಬೌನ್ಸ್ ಚಾರ್ಜ್ ಏರುತ್ತೆ, ಮುಂದೆ ಸಾಲ ಕೊಡೋರು ನೋಡೋ ಸಿಬಿಲ್ ಸ್ಕೋರ್ ಇಳಿಯುತ್ತೆ, ವಸೂಲಿಯವರು ಊರಿನಲ್ಲಿರೋ ಅಪ್ಪನಿಗೆ ಫೋನ್ ಹಚ್ಚೋದೂ ಇದೆ.

ರಿಸರ್ವ್ ಬ್ಯಾಂಕ್ 2022ರಲ್ಲಿ ಡಿಜಿಟಲ್ ಸಾಲಕ್ಕೆ ನಿಯಮ ಮಾಡಿತು. ಬಡ್ಡಿ, ಎಲ್ಲ ಖರ್ಚು ಬರೆದ 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್' ಮೊದಲೇ ಕೊಡಬೇಕು. ಅದರಲ್ಲೇ 'ಕೂಲಿಂಗ್ ಆಫ್' ಅವಧಿಯೂ ನಮೂದಾಗಿರಬೇಕು. ಅಷ್ಟರೊಳಗೆ ಅಸಲು ಮತ್ತು ಆ ದಿನಗಳ ಬಡ್ಡಿ ಕೊಟ್ಟು ದಂಡವಿಲ್ಲದೆ ಸಾಲದಿಂದ ಹೊರಬರಬಹುದು. ಅವಧಿ ತೀರಾ ಚಿಕ್ಕದು. ಆದ್ರಿಂದ ಮನಸ್ಸು ಬದಲಾದ್ರೆ ಕೌನ್ಸೆಲರ್ ಹಿಂದೆ ಅಲೆಯಬೇಡಿ, ನೇರ ಫೈನಾನ್ಸ್ ಕಂಪನಿಗೆ ಇಮೇಲ್ ಹಾಕಿ. 30 ದಿನದಲ್ಲಿ ಉತ್ತರ ಬರದಿದ್ರೆ ದೂರು ಕೇಳೋಕೆ ಅಂತಲೇ ಇರೋ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು, ಸಹಾಯವಾಣಿ 14448. ಮೋಸ ಅಂತ ಗೊತ್ತಾದ ಕೂಡಲೇ ಸೈಬರ್ ಸಹಾಯವಾಣಿ 1930.

ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಿ. ವಿಶ್ವವಿದ್ಯಾಲಯದ ಮೇಲೆ ಗ್ರಾಹಕ ಕೋರ್ಟಿಗೆ ಹೋದ್ರೆ 'ಶಿಕ್ಷಣ ಅನ್ನೋದು ಸೇವೆಯೇ?' ಅನ್ನೋ ವಾದದಲ್ಲೇ ಕೇಸು ಸಿಕ್ಕಿಬೀಳಬಹುದು. ಕನ್ಸಲ್ಟೆನ್ಸಿಗೆ ಆ ಗುರಾಣಿ ಸಿಗೋದು ಕಷ್ಟ, ತಾನು ತಗೊಂಡಿದ್ದು ಸೇವಾ ಶುಲ್ಕ ಅಂತ ತಾನೇ ಬರೆದುಕೊಟ್ಟಿರುತ್ತೆ! ಅದಕ್ಕೇ ರಸೀದಿ, ಚಾಟ್, ಕಾಲ್ ರೆಕಾರ್ಡ್ ಯಾವುದನ್ನೂ ಅಳಿಸಬೇಡಿ.

(ಪರದೆ ಮೇಲೆ: ಕಲೀನಾ ಕ್ಯಾಂಪಸ್ಸಿನ ಗೇಟು)

'ಹಾಗಾದ್ರೆ ಎಲ್ಲಿ ಸೇರೋಣ?' ಅಂತ ಕೇಳ್ತೀರಿ. ಮುಂಬಯಿ ವಿಶ್ವವಿದ್ಯಾಲಯದ್ದೇ ದೂರಶಿಕ್ಷಣ ವಿಭಾಗ ಕಲೀನಾದಲ್ಲಿದೆ. ನಾಸಿಕ್‌ನ ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಲಯ ಇದೆ. ದೇಶಕ್ಕೆಲ್ಲ ಸಲ್ಲುವ ಕೇಂದ್ರದ ಮುಕ್ತ ವಿಶ್ವವಿದ್ಯಾಲಯ ಇಗ್ನೋ ಇದೆ. ಇಲ್ಲೂ ಡೆಬ್ ಪಟ್ಟಿ ನೋಡಿಯೇ ಸೇರಿ. ಇಲ್ಲೆಲ್ಲ ಸುಖ ಅಂತ ನಾನು ಹೇಳಲ್ಲ. ಫೋನ್ ಎತ್ತಲ್ಲ, ಪುಸ್ತಕ ತಡ, ರಿಸಲ್ಟ್ ಇನ್ನೂ ತಡ. 2017ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಉತ್ತರಪತ್ರಿಕೆಗಳನ್ನ ಕಂಪ್ಯೂಟರ್ ಪರದೆ ಮೇಲೆ ತಿದ್ದಿಸೋಕೆ ಹೋಗಿ ರಿಸಲ್ಟ್ ತಿಂಗಳುಗಟ್ಟಲೆ ತಡವಾಯ್ತು, ಕುಲಪತಿಯ ಕುರ್ಚಿಯೇ ಹೋಯ್ತು. ಆದ್ರೂ ಸಿಗುವ ಡಿಗ್ರಿ ಡಿಗ್ರಿಯೇ, ರೆಗ್ಯುಲರ್‌ಗೆ ಸಮ ಅಂತ ಯುಜಿಸಿಯೇ ಹೇಳಿದೆ. ಇಗ್ನೋ ಪುಸ್ತಕ ಅಂಚೆಯಲ್ಲಿ ಬರೋ ತನಕ ಕಾಯೋದೂ ಬೇಡ. ಇ-ಜ್ಞಾನಕೋಶ ಅನ್ನೋ ಜಾಲತಾಣದಲ್ಲಿ ಅದೇ ಪಾಠಗಳು ಪುಕ್ಕಟೆ ಇವೆ, ಮೊಬೈಲಿಗೆ ಇಳಿಸಿಕೊಂಡ್ರೆ ಅಂಬರನಾಥ ಲೋಕಲ್‌ನಲ್ಲಿ ನಿಂತುಕೊಂಡೇ ಓದಬಹುದು.