ಯಾಕೆ ಅಂತ ಕೇಳಿ: ಮಗುವಿನ ಜತೆ ಪರದೇಶಕ್ಕೆ ಹೊರಟವರಿಗೆ

ಕೇಳುಗರಿಗೆಲ್ಲ ನಮಸ್ಕಾರ.

ನಾನು ಮಂಗಳೂರಿನಲ್ಲಿ ಮಕ್ಕಳ ಡಾಕ್ಟರ್. ಮಗುವಿನ ಪಾಸ್‌ಪೋರ್ಟ್ ಕೈಗೆ ಬಂದ ಕೂಡಲೇ ನನ್ನ ಹತ್ತಿರ ಬರುವ ಮನೆಯವರು ಈಗ ತುಂಬಾ ಜನ. ಮಗಳ ಬಾಣಂತನ ತವರಿನಲ್ಲಿ ಮುಗಿದಿರುತ್ತದೆ. ಮಗುವಿಗೆ ಐದೋ ಆರೋ ತಿಂಗಳು. ಅಳಿಯ ದುಬೈಯಲ್ಲೋ ಡಲ್ಲಾಸ್‌ನಲ್ಲೋ ಕಾಯುತ್ತಿರುತ್ತಾರೆ. ಬಜ್ಪೆಯಲ್ಲಿ ವಿಮಾನ ಹತ್ತುವ ಮೊದಲು ಒಮ್ಮೆ ತೋರಿಸಿಕೊಂಡು ಹೋಗುವ ಅಂತ ತಾಯಿ, ಅಜ್ಜಿ ಇಬ್ಬರೂ ಬರುತ್ತಾರೆ. ಇವತ್ತು ನಾನು ಮಾತಾಡುವುದು ಅವರ ಹತ್ತಿರ. ಅದರಲ್ಲೂ ಅಜ್ಜಿಯರ ಹತ್ತಿರ. ನೀವು ಈಗ ಕಿನ್ನಿಗೋಳಿಯಲ್ಲೋ ಕಾಪುವಿನಲ್ಲೋ ರೇಡಿಯೋ ಹಾಕಿಕೊಂಡು, ಮಣ್ಣಿ ಮಾಡಲಿಕ್ಕೆ ರಾಗಿ ಹುಡಿ ಕಟ್ಟುತ್ತಿರಬಹುದು. ತೆಂಗಿನೆಣ್ಣೆ ಬಾಟಲಿಯ ಮುಚ್ಚಳಕ್ಕೆ ಟೇಪು ಸುತ್ತುತ್ತಿರಬಹುದು. ಅದೆಲ್ಲ ಬೇಕಾದದ್ದೇ, ತೆಗೆದುಕೊಂಡು ಹೋಗಿ. ನಾನು ಹೇಳಬೇಕಾದ್ದು ಒಂದೇ ಮಾತು. ಅಲ್ಲಿನವರು ಮಗುವನ್ನು ನೋಡಿಕೊಳ್ಳುವ ರೀತಿ ಬೇರೆ ಇರುತ್ತದೆ. ಕಂಡ ಕೂಡಲೇ ತಪ್ಪು ಅನ್ನಬೇಡಿ. ಯಾಕೆ ಅಂತ ಕೇಳಿ.

ಇಷ್ಟು ಸಣ್ಣ ಮಾತಿಗೆ ರೇಡಿಯೋ ಭಾಷಣ ಯಾಕೆ ಅಂತ ನಿಮಗೆ ಅನ್ನಿಸಬಹುದು. ಹೋಗಿ ಬಂದವರು ನನ್ನ ಎದುರು ಕೂತು ಹೇಳುವುದೇನು ಗೊತ್ತಾ? "ಅಲ್ಲಿನವರಿಗೆ ಮಕ್ಕಳ ಮೇಲೆ ಮಾಯೆಯೇ ಇಲ್ಲ ಡಾಕ್ಟ್ರೇ. ಹಸುಗೂಸನ್ನು ಒಂದೇ ಮಲಗಿಸುತ್ತಾರೆ. ಚಳಿಗೆ ಹೊರಗೆ ಹಾಕುತ್ತಾರೆ." ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಹೆತ್ತ ಮಗುವಿನ ಮೇಲೆ ಮಾಯೆ ಇಲ್ಲದ ಊರು ಎಲ್ಲಾದರೂ ಉಂಟಾ ಮಾರಾಯ್ರೆ? ಅವರು ಹಾಗೆ ಮಾಡಲಿಕ್ಕೆ ಒಂದು ಕಾರಣ ಇರುತ್ತದೆ. ಅದು ಹವೆ ಇರಬಹುದು, ಮನೆ ಕಟ್ಟುವ ರೀತಿ ಇರಬಹುದು, ಹಿಂದೆ ಮಕ್ಕಳನ್ನು ಕೊಂದ ಯಾವುದೋ ರೋಗ ಇರಬಹುದು. ಕೇಳಿದರೆ ತಿಳಿಯುತ್ತದೆ. ಕೇಳದೆ ಬಂದರೆ ಬರೀ ದೂರು ಹೊತ್ತುಕೊಂಡು ಬಂದ ಹಾಗೆ.

ನನ್ನ ಅಕ್ಕನ ಕತೆ ಹೇಳುತ್ತೇನೆ. ಅವಳನ್ನು ಬ್ರಹ್ಮಾವರದ ಕಡೆ ಕೊಟ್ಟದ್ದು. ಅವಳ ಮಗಳು, ಅಳಿಯ ಫಿನ್ಲೆಂಡಿನ ತಾಂಪೆರೆ ಅನ್ನುವ ಊರಿನಲ್ಲಿದ್ದಾರೆ. ಮಗಳು ಹೆರಿಗೆಗೆ ಊರಿಗೆ ಬಂದಿದ್ದಳು. ವಾಪಸು ಹೋಗುವಾಗ ಮಗುವಿನ ಜತೆ ಅಕ್ಕ ಹೊರಟಳು, ಅಕ್ಕನ ಜತೆಗೆ ನಾನು. ಆಗ ಫೆಬ್ರವರಿ. ನಮ್ಮಲ್ಲಿ ಮಾವಿನ ಮಿಡಿಯ ಕಾಲ, ಅಲ್ಲಿ ಮೊಣಕಾಲಿನವರೆಗೆ ಹಿಮ. ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗೆ.

ಒಂದು ದಿನ ಪೇಟೆಗೆ ಹೋದೆವು. ಕಾಫಿ ಅಂಗಡಿಯೊಂದರ ಹೊರಗೆ, ಕಿಟಕಿಯ ಕೆಳಗೆ, ಮಕ್ಕಳ ಗಾಡಿಗಳು ಸಾಲಾಗಿ ನಿಂತಿದ್ದವು. ಖಾಲಿ ಗಾಡಿ ಅಂದುಕೊಂಡು ಅಕ್ಕ ಬಗ್ಗಿ ನೋಡಿದಳು. ಒಳಗೆ ಮಗು. ಪಕ್ಕದ್ದರಲ್ಲೂ ಮಗು. ಎಲ್ಲ ಗಾಢ ನಿದ್ದೆ. ಮೂಗಿನ ತುದಿ, ಕೆನ್ನೆ ಕೆಂಪಾಗಿದೆ. ತಾಯಂದಿರು ಒಳಗೆ ಕಾಫಿ ಕುಡಿಯುತ್ತಿದ್ದಾರೆ.

ಅಕ್ಕ ಗಾಡಿಯ ಹಿಡಿ ಹಿಡಿದುಕೊಂಡು ನಿಂತಳು. ಒಳಗೆ ಬಾ ಅಂತ ಎಷ್ಟು ಕರೆದರೂ ಬರಲಿಲ್ಲ. "ನಾ ಬತ್ತಿಲ್ಲೆ ಮಾರಾಯ್ತಿ. ಈ ಮಗಿನ್ ಬಿಟ್ಟ್ ಹ್ಯಾಂಗ್ ಬಪ್ಪುದ್?" ಅಂದಳು. ಗುರುತಿಲ್ಲದ ಮಗು, ಗುರುತಿಲ್ಲದ ಊರು, ಕಾವಲಿಗೆ ನನ್ನ ಅಕ್ಕ. ನಾವು ಒಳಗೆ ಹೋಗಿ ಅವಳಿಗೊಂದು ಲೋಟ ಚಹಾ ಹೊರಗೇ ತಂದುಕೊಟ್ಟೆವು. ಅದು ಎರಡು ಗುಟುಕಿಗೆ ತಣ್ಣಗಾಯಿತು.

ಕಿಟಕಿಯಿಂದ ಆ ಮಗುವಿನ ತಾಯಿ ನೋಡಿದ್ದಾಳೆ. ಎದ್ದು ಹೊರಗೆ ಬಂದಳು. ನನಗೆ ಸ್ವಲ್ಪ ದಿಗಿಲಾಯಿತು. ಆದರೆ ನನ್ನ ಅಕ್ಕ ಬೈಯಲಿಲ್ಲ. ನಾನು ಈ ಕತೆ ಹೇಳುತ್ತಿರುವುದೇ ಅದಕ್ಕೆ. ಮಗಳ ಹತ್ತಿರ "ಕೇಳು, ಯಾಕೆ ಹೀಗೆ ಮಲಗಿಸುತ್ತಾರೆ ಅಂತ ಕೇಳು" ಅಂದಳು. ಮಗಳು ಕೇಳಿದಳು.

ಆ ಹೆಂಗಸು ಮೊದಲು ಏನೂ ಹೇಳಲಿಲ್ಲ. ತನ್ನ ಕೈಗವಸು ತೆಗೆದಳು. ಮಗುವಿನ ಕುತ್ತಿಗೆಯ ಹಿಂಬದಿಗೆ, ಉಣ್ಣೆಯ ಅಂಗಿಯ ಒಳಗೆ ಎರಡು ಬೆರಳು ತೂರಿಸಿದಳು. ಆಮೇಲೆ ಅಕ್ಕನ ಕೈ ಹಿಡಿದು, ಅವಳ ಬೆರಳನ್ನೂ ಅಲ್ಲೇ ಇಡಿಸಿದಳು. ಅಕ್ಕನ ಮುಖ ನೀವು ನೋಡಬೇಕಿತ್ತು. "ಅಯ್ಯೋ, ಬೆಚ್ಚಗಿತ್ತಲ್ಲೇ! ಬೆವ್ರಿತ್!" ಮೈಗೆ ತಾಗಿ ಒಂದು ತೆಳು ಉಣ್ಣೆ, ಅದರ ಮೇಲೆ ದಪ್ಪ ಉಣ್ಣೆ, ಅದರ ಮೇಲೆ ಕಾಲಿನವರೆಗೆ ಮುಚ್ಚುವ ಚೀಲದಂಥ ಹೊದಿಕೆ, ಕೆಳಗೆ ಕುರಿಯ ಚರ್ಮದ ಹಾಸು. ತಾಯಿಯ ಕಿಸೆಯಲ್ಲಿ ಒಂದು ಸಣ್ಣ ಯಂತ್ರ, ಮಗು ಮುಲುಗಿದರೂ ಅದರಲ್ಲಿ ಕೇಳಿಸುತ್ತದೆ. ಇಷ್ಟು ಬಟ್ಟೆ ಹಾಕಿದ ಮಗುವನ್ನು ಅಂಗಡಿಯ ಒಳಗಿನ ಬಿಸಿಗೆ ತಂದರೆ ಬೆವೆತು ಎದ್ದು ರಚ್ಚೆ ಹಿಡಿಯುತ್ತದೆ, ಹೊರಗಾದರೆ ಎರಡು ಗಂಟೆ ಮಲಗುತ್ತದೆ ಅಂದಳು. ತನ್ನ ಅಮ್ಮನೂ ಹೀಗೇ ಮಲಗಿಸಿದ್ದು, ಅಜ್ಜಿಯೂ ಹೀಗೇ ಮಲಗಿಸಿದ್ದು ಅಂದಳು.

ಅಷ್ಟಕ್ಕೇ ಮುಗಿಯಲಿಲ್ಲ. ಅವಳು ನಮ್ಮ ಮಗುವನ್ನು ನೋಡಿದಳು. ಕೆನ್ನೆಯ ಮೇಲಿನ ಈ ಕಪ್ಪು ಬೊಟ್ಟು ಯಾಕೆ ಅಂತ ಕೇಳಿದಳು. ಅಕ್ಕ ದೃಷ್ಟಿಯ ವಿಷಯ ವಿವರವಾಗಿ ಹೇಳಿದಳು. ಮಾತಿಗೆ ಮಾತು ಬೆಳೆದು, ಮರುವಾರ ಆ ಹೆಂಗಸು ನಮ್ಮ ಮನೆಗೆ ಬಂದಳು. ಅಕ್ಕ ಬಚ್ಚಲಿನಲ್ಲಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ ಮೀಯಿಸಿದ್ದನ್ನು ಕಣ್ಣು ಮಿಟುಕಿಸದೆ ನೋಡಿದಳು. ಯಾಕೆ ಕಾಲ ಮೇಲೆ? ಮಗು ಜಾರುವುದಿಲ್ಲವಾ? ಎಣ್ಣೆ ಯಾವುದು? ಅಕ್ಕನಿಗೆ ಹೇಳಿ ಸಾಲದು. ಕೊನೆಗೆ ಆ ಹೆಂಗಸು ಒಂದು ಮಾತು ಹೇಳಿದಳು. ಅವಳ ಅಜ್ಜಿ ಹುಟ್ಟಿದ್ದು ಸೌನಾದಲ್ಲಂತೆ. ಸೌನಾ ಅಂದರೆ ಕಲ್ಲು ಕಾಯಿಸಿ, ನೀರು ಹೊಯ್ದು, ಹಬೆಯಲ್ಲಿ ಕೂರುವ ಕೋಣೆ. ಹಿಂದಿನ ಕಾಲದಲ್ಲಿ ಅಲ್ಲಿನ ಹಳ್ಳಿಗಳಲ್ಲಿ ಹೆರಿಗೆ ಆಗುತ್ತಿದ್ದದ್ದು ಅಲ್ಲೇ. ಮನೆಯಲ್ಲೆಲ್ಲ ಚೊಕ್ಕದ ಜಾಗ ಅದು, ಬಿಸಿನೀರು ಕೈಗೆ ಸಿಗುತ್ತದೆ. ಅಕ್ಕ ತಟ್ಟನೆ ನಮ್ಮ ಅಮ್ಮನ ಮನೆಯ ಬಚ್ಚಲು, ಹಂಡೆ, ಬಾಣಂತಿ ಮೀಯಿಸುವ ಹೆಂಗಸು, ಎಲ್ಲ ತೆಗೆದಳು. ಆ ಮಧ್ಯಾಹ್ನ ಇಬ್ಬರನ್ನೂ ನಿಲ್ಲಿಸಲಿಕ್ಕೆ ನಮ್ಮಿಂದ ಆಗಲಿಲ್ಲ. ಒಂದು ಪ್ರಶ್ನೆಗೆ ಇಷ್ಟು ಸಿಕ್ಕಿತು ನೋಡಿ. ಅದಕ್ಕೇ ಹೇಳುವುದು, ಯಾಕೆ ಅಂತ ಕೇಳಿ.

ಮಗುವನ್ನು ಹೊರಗೆ ಮಲಗಿಸುವುದರ ಹಿಂದೆ ಒಬ್ಬ ದೊಡ್ಡ ಡಾಕ್ಟರ್ ಇದ್ದಾರೆ. ಹೆಸರು ಆರ್ವೊ ಯುಲ್ಪೊ. ಫಿನ್ಲೆಂಡಿನಲ್ಲಿ ಅವರ ಹೆಸರು ತಿಳಿಯದ ತಾಯಿ ಇಲ್ಲ. 1887ರಲ್ಲಿ ಹುಟ್ಟಿ, 1992ರಲ್ಲಿ, 104 ವರ್ಷ ತುಂಬಿದ ಮೇಲೆ ತೀರಿಕೊಂಡರು. ಅವರ ಕಾಲದಲ್ಲಿ ಅಲ್ಲಿ ಮನೆಗಳು ಕತ್ತಲೆ, ಹೊಗೆ. ಚಳಿಗೆ ಕಿಟಕಿ ತೆರೆಯುವ ಹಾಗಿಲ್ಲ. ಮನೆಯಲ್ಲಿ ಒಬ್ಬರಿಗೆ ಕ್ಷಯ ಬಂದರೆ ತೊಟ್ಟಿಲ ಮಗುವಿಗೂ ಬಂತು. ಬಿಸಿಲು ಕಾಣದ ಮಕ್ಕಳ ಎಲುಬು ಮೆತ್ತಗಾಗಿ ಕಾಲು ಸೊಟ್ಟಗಾಗುತ್ತಿತ್ತು. ಮಗುವನ್ನು ಹೊರಗೆ ಗಾಳಿ ಬೆಳಕಿಗೆ ತನ್ನಿ ಅಂತ ಅವರು ತಾಯಂದಿರಿಗೆ ಹೇಳಿದರು. ಮಕ್ಕಳ ತಪಾಸಣೆಯ ಕೇಂದ್ರಗಳು ಊರೂರಿಗೆ ಬರಲಿ ಅಂತ ದುಡಿದರು. ಒಂದು ಕಾಲದಲ್ಲಿ ಎಷ್ಟೋ ಶಿಶುಗಳು ಸಾಯುತ್ತಿದ್ದ ದೇಶ ಅದು. ಈಗ ಲೋಕದಲ್ಲೇ ಅತಿ ಕಡಿಮೆ ಶಿಶುಮರಣದ ದೇಶಗಳಲ್ಲಿ ಒಂದು. ಡಾಕ್ಟರ್ ಆದವರಿಗೆ ಇದಕ್ಕಿಂತ ದೊಡ್ಡದು ಏನು ಬೇಕು?

ಅಲ್ಲಿ ಸರಕಾರ ಪ್ರತಿ ತಾಯಿಗೂ ಒಂದು ರಟ್ಟಿನ ಪೆಟ್ಟಿಗೆ ಕೊಡುತ್ತದೆ. ಮಗುವಿನ ಬಟ್ಟೆ, ಹೊದಿಕೆ, ಸಣ್ಣ ಹಾಸಿಗೆ, ಎಲ್ಲ ಅದರಲ್ಲೇ. 1938ರಲ್ಲಿ ಬಡ ತಾಯಂದಿರಿಗೆ ಅಂತ ಶುರುವಾಯಿತು, 1949ರಿಂದ ಎಲ್ಲರಿಗೂ. ಹಾಸಿಗೆ ಹಾಕಿದರೆ ಮಗು ಆ ಪೆಟ್ಟಿಗೆಯಲ್ಲೇ ಮಲಗಬಹುದು. ರಟ್ಟಿನ ಪೆಟ್ಟಿಗೆಯಲ್ಲಿ ಮಗುವಾ ಅಂತ ನಮಗೆ ಕರುಳು ಚುರ್ ಅನ್ನುತ್ತದೆ. ಯಾಕೆ ಅಂತ ಕೇಳಿ. ಪೆಟ್ಟಿಗೆ ಬೇಕಾದರೆ ಬಸಿರಿನ ನಾಲ್ಕನೇ ತಿಂಗಳು ಮುಗಿಯುವ ಮೊದಲು ತಪಾಸಣೆಗೆ ಹೋಗಲೇಬೇಕು. ಪೆಟ್ಟಿಗೆಯ ಆಸೆಗೆ ತಾಯಂದಿರು ಡಾಕ್ಟರ ಹತ್ತಿರ ಬಂದರು. ನನಗೆ ಆ ಯೋಜನೆ ಮಾಡಿದವರಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಫಿನ್ಲೆಂಡಿನ ಮಾತೇ ಜಾಸ್ತಿ ಆಯಿತು. ಉಳಿದದ್ದು ಬೇಗ ಹೇಳುತ್ತೇನೆ.

ಅಲ್ಲಿ ಸರಿಯಾದದ್ದು ಇನ್ನೊಂದು ಕಡೆ ಅಪರಾಧ ಆಗಬಹುದು. 1997ರಲ್ಲಿ ಡೆನ್ಮಾರ್ಕಿನ ತಾಯಿಯೊಬ್ಬಳು ನ್ಯೂಯಾರ್ಕಿಗೆ ಹೋಗಿದ್ದಳು. ತನ್ನ ಊರಿನಲ್ಲಿ ಮಾಡುವ ಹಾಗೆ ಹದಿನಾಲ್ಕು ತಿಂಗಳ ಮಗುವನ್ನು ಗಾಡಿಯಲ್ಲಿ ಹೋಟೆಲಿನ ಹೊರಗೆ ಬಿಟ್ಟು ಒಳಗೆ ಕೂತಳು. ಪೊಲೀಸರು ಬಂದು ಹಿಡಿದುಕೊಂಡು ಹೋದರು. ಮಗುವನ್ನು ಕೆಲವು ದಿನ ಬೇರೆಯವರ ಮನೆಯಲ್ಲಿ ಇಟ್ಟರು. ಆ ತಾಯಿಯ ಸಂಕಟ ಯೋಚಿಸಿ. ನಮ್ಮ ಊರಿನ ರೂಢಿ ನಮ್ಮ ಊರಿಗೆ. ಹೋದಲ್ಲಿ ಕೇಳಬೇಕು.

ಅಮೆರಿಕಕ್ಕೆ ಹೋಗುವವರೇ, ಸರಿಯಾಗಿ ಕೇಳಿಸಿಕೊಳ್ಳಿ. ಕಾರಿನಲ್ಲಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವ ಹಾಗಿಲ್ಲ. ಮಗುವಿಗೆ ಅದರದ್ದೇ ಸೀಟು, ಬೆಲ್ಟು. ಅತ್ತರೂ ಎತ್ತುವ ಹಾಗಿಲ್ಲ, ಗಾಡಿ ನಿಲ್ಲಿಸಿಯೇ ಎತ್ತಬೇಕು. ಇದು ಕಾನೂನು. ಇಲ್ಲಿ ಮಾತ್ರ ಮೊದಲು ಪಾಲಿಸಿ, ಯಾಕೆ ಅಂತ ಆಮೇಲೆ ಕೇಳಿ. ಮಲಗಿಸುವಾಗ ಅಂಗಾತ, ಬೇರೆ ತೊಟ್ಟಿಲಲ್ಲಿ, ದಿಂಬು ಇಲ್ಲ, ಕಂಬಳಿ ಇಲ್ಲ. ಅಂಗಾತ ಮಲಗಿಸಿ ಅಂತ 1994ರಲ್ಲಿ ಅಲ್ಲಿ ದೊಡ್ಡ ಪ್ರಚಾರ ಮಾಡಿದರು. ನಿದ್ದೆಯಲ್ಲೇ ತೀರಿಹೋಗುತ್ತಿದ್ದ ಶಿಶುಗಳ ಸಂಖ್ಯೆ ಅದರಿಂದ ತುಂಬಾ ಇಳಿಯಿತು. ಮಾಯೆ ಇಲ್ಲದ್ದಕ್ಕೆ ಅಲ್ಲ, ಮಾಯೆ ಇರುವುದಕ್ಕೇ ಹಾಗೆ ಮಲಗಿಸುವುದು. ಕಾಡಿಗೆ ತೆಗೆದುಕೊಂಡು ಹೋಗಬೇಡಿ. ಎಷ್ಟೋ ಕಾಡಿಗೆಯಲ್ಲಿ ಸೀಸ ಇರುತ್ತದೆ, ಅಲ್ಲಿ ಅದಕ್ಕೆ ಅನುಮತಿ ಇಲ್ಲ. ಮಕ್ಕಳ ರಕ್ತದಲ್ಲಿ ಸೀಸ ಉಂಟಾ ಅಂತ ಅಲ್ಲಿನ ಡಾಕ್ಟರು ಪರೀಕ್ಷೆ ಮಾಡಿಸುತ್ತಾರೆ.

ದೃಷ್ಟಿ ಬೊಟ್ಟು ನೋಡಿ ನಾಚಿಕೆ ಪಡುವ ಸೊಸೆಯಂದಿರಿಗೂ ಒಂದು ಮಾತು. ಟರ್ಕಿಯಲ್ಲಿ ಮಗುವಿನ ಅಂಗಿಗೆ ಕಣ್ಣಿನ ಚಿತ್ರದ ನೀಲಿ ಮಣಿ ಚುಚ್ಚುತ್ತಾರೆ, ಅದೂ ದೃಷ್ಟಿಗೇ. ಬೀದಿಯಲ್ಲಿ ಹೋಗುವವರು ಮಗುವನ್ನು ಎತ್ತಿ ಮುದ್ದಾಡುತ್ತಾರೆ, ಗಾಬರಿ ಬೇಡ. ಥಾಯ್ಲೆಂಡಿನಲ್ಲಿ ನೀವು ಉಂಡು ಮುಗಿಸುವವರೆಗೆ ಹೋಟೆಲಿನ ಹುಡುಗಿಯೇ ಮಗುವನ್ನು ಎತ್ತಿಕೊಂಡು ತಿರುಗಿಸಿದರೂ ಆಶ್ಚರ್ಯ ಇಲ್ಲ. ಆದರೆ ಬೇರೆಯವರ ಮಗುವಿನ ತಲೆ ಸವರಲಿಕ್ಕೆ ಹೋಗಬೇಡಿ, ತಲೆ ಅವರಿಗೆ ಪವಿತ್ರ. ಜಪಾನಿನಲ್ಲಿ ಹುಟ್ಟಿದ ನೂರನೇ ದಿನದ ಹೊತ್ತಿಗೆ ಮಗುವಿಗೆ ಊಟ ಮಾಡಿಸುವ ಶಾಸ್ತ್ರ ಉಂಟು. ನಮ್ಮ ಅನ್ನಪ್ರಾಶನದಂತೆಯೇ, ಆದರೆ ಬಾಯಿಗೆ ತಾಗಿಸುವುದು ಮಾತ್ರ, ತಿನ್ನಿಸುವುದಿಲ್ಲ. ಅಲ್ಲಿ ಅಪ್ಪ ಅಮ್ಮನ ನಡುವೆ ಮಗು ಮಲಗುತ್ತದೆ, ನಮ್ಮ ಹಾಗೆಯೇ. ಬಾಲಿಯಲ್ಲಿ 105 ದಿನ ಮಗುವಿನ ಪಾದ ನೆಲಕ್ಕೆ ತಾಗಿಸುವುದಿಲ್ಲ. ಚೀನಾದಲ್ಲಿ ಬಾಣಂತಿ ಒಂದು ತಿಂಗಳು ತಣ್ಣೀರು ಮುಟ್ಟುವುದಿಲ್ಲ. ಮಗುವಿಗೆ ಮೂತ್ರ ಮಾಡಿಸಲಿಕ್ಕೆ "ಶೂ ಶೂ" ಅನ್ನುವುದು ನಮ್ಮ ಅಜ್ಜಿಯರು ಮಾತ್ರ ಅಂದುಕೊಂಡಿದ್ದಿರಾ? ಚೀನಾದ ಅಜ್ಜಿಯರೂ ಸಿಳ್ಳೆ ಹಾಕಿ ಅದನ್ನೇ ಮಾಡುತ್ತಾರೆ. ಇದೆಲ್ಲ ಪ್ರವಾಸದ ಬಸ್ಸಿನಲ್ಲಿ ಕೂತವರಿಗೆ ಕಾಣುವುದಿಲ್ಲ. ಕಂಕುಳಲ್ಲಿ ಮಗು ಇದ್ದರೆ ಜನ ಅವರಾಗಿಯೇ ಮಾತಿಗೆ ಬರುತ್ತಾರೆ. ಅವರು ಬಂದಾಗ ಕೇಳಿ.

ಇನ್ನು ಹೊರಡುವ ಮೊದಲಿನ ಕೆಲಸ. ನಮ್ಮ ಎಷ್ಟೋ ಮಕ್ಕಳಿಗೆ ಹುಟ್ಟುವಾಗಲೇ ಸೊಂಟದ ಹಿಂದೆ, ಅಂಡಿನ ಮೇಲೆ ನೀಲಿ ಮಚ್ಚೆ ಇರುತ್ತದೆ. ನಮಗೆ ಅದು ಏನೂ ಅಲ್ಲ, ದೊಡ್ಡದಾಗುತ್ತಾ ಮಾಸಿಹೋಗುತ್ತದೆ. ಬಿಳಿಯರ ಮಕ್ಕಳಲ್ಲಿ ಅದು ಅಪರೂಪ. ಹಾಗಾಗಿ ಅಲ್ಲಿನವರು ಅದನ್ನು ಹೊಡೆದ ಪೆಟ್ಟು ಅಂತ ತಿಳಿಯುವ ಸಾಧ್ಯತೆ ಉಂಟು. ಸ್ವೀಡನ್ ಅಂತೂ ಮಕ್ಕಳಿಗೆ ಹೊಡೆಯುವುದನ್ನು 1979ರಲ್ಲೇ ನಿಷೇಧಿಸಿದೆ, ಅಂಥ ಕಾನೂನು ತಂದ ಮೊದಲ ದೇಶ ಅದು. ಆದ್ದರಿಂದ ಮಚ್ಚೆ ಎಲ್ಲೆಲ್ಲಿ ಉಂಟು ಅಂತ ನಿಮ್ಮ ಡಾಕ್ಟರ ಹತ್ತಿರ ಮಗುವಿನ ಫೈಲಿನಲ್ಲಿ ಬರೆಸಿಕೊಳ್ಳಿ. ಲಸಿಕೆಯ ಕಾರ್ಡ್ ಕೈಚೀಲದಲ್ಲಿ ಇರಲಿ, ದೊಡ್ಡ ಪೆಟ್ಟಿಗೆಗೆ ಹಾಕಬೇಡಿ. ವಿಮಾನ ಇಳಿಯುವಾಗ ಹಾಲು ಕುಡಿಸಿ, ಕಿವಿ ನೋವು ಕಡಿಮೆ ಆಗುತ್ತದೆ. ಮಗುವಿನ ಎಡ ತೋಳಿನ ಮೇಲೆ ಬಿಸಿಜಿ ಲಸಿಕೆಯ ಕಲೆ ಇರುತ್ತದಲ್ಲ, ಅಮೆರಿಕದಲ್ಲಿ ಎಲ್ಲ ಮಕ್ಕಳಿಗೆ ಆ ಲಸಿಕೆ ಹಾಕುವುದಿಲ್ಲ. ಅಲ್ಲಿನ ನರ್ಸು ಆ ಕಲೆ ನೋಡಿ ಇದೇನು ಅಂತ ಕೇಳಿಯೇ ಕೇಳುತ್ತಾರೆ. ಕ್ಷಯದ ಲಸಿಕೆ, ಹುಟ್ಟಿದಾಗಲೇ ಹಾಕಿಸಿದ್ದು ಅಂತ ಧೈರ್ಯವಾಗಿ ಹೇಳಿ.

ನಮಸ್ಕಾರ.