ಉಜ್ಜುವ ಮೊದಲು ಓದಿ: ಇಟಲಿಯ ಹಳೆ ಪೈಪಿನ ಗುರುತು

ಕೇಳುಗರಿಗೆ ನಮಸ್ಕಾರ. ಚಿತ್ರದುರ್ಗ, ದಾವಣಗೆರೆ, ಹರಿಹರ, ಹೊಳಲ್ಕೆರೆ, ಹಿರಿಯೂರು ಕಡೆಯಿಂದ ಕೇಳುತ್ತಿರುವ ಎಲ್ಲರಿಗೂ.

ಇವತ್ತಿನ ವಿಷಯ ಸೆಕೆಂಡ್ ಹ್ಯಾಂಡ್ ಪೈಪು. ಹೊಗೆಸೊಪ್ಪು ಸೇದುವ ಮರದ ಪೈಪು. ಸೇದಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹೊಗೆಸೊಪ್ಪು ಯಾವ ರೂಪದಲ್ಲಿ ಬಂದರೂ ಕೆಟ್ಟದ್ದೇ. ಆದರೆ ಹಳೆಯ ಗಡಿಯಾರ, ಹಳೆಯ ಪೆನ್ನು ಕೂಡಿಡುವವರಿದ್ದಾರಲ್ಲ, ಹಾಗೇ ಪೈಪು ಕೂಡಿಡುವವರೂ ನಮ್ಮ ಕಡೆ ಇದ್ದಾರೆ. ಈಗ ಫೋನಿನಲ್ಲೇ ಹರಾಜು ನಡೆಯುತ್ತದೆ. ರಾತ್ರಿ ಊಟ ಮುಗಿಸಿ ಹುಡುಗರು ಬೆಲೆ ಕೂಗುತ್ತಾರೆ. ಕೆಲವು ವಾರಕ್ಕೆ ಪಾರ್ಸೆಲ್ ಬರುತ್ತದೆ. ಬಿಚ್ಚಿದ ಕೂಡಲೇ ಏನು ಮಾಡುತ್ತಾರೆ? ಉಜ್ಜುತ್ತಾರೆ. ಫಳಫಳ ಹೊಳೆಯುವ ತನಕ ಉಜ್ಜುತ್ತಾರೆ.

ದಯವಿಟ್ಟು ಉಜ್ಜಬೇಡಿ. ಮೊದಲು ಓದಿ. ನನಗೆ ಕೊಟ್ಟಿರುವ ಈ ಸಮಯದಲ್ಲಿ ನಾನು ಹೇಳಬೇಕಾದದ್ದು ಇದೊಂದೇ.

ಎಲ್ಲಿ ಓದಬೇಕು? ಪೈಪಿಗೆ ಮೂರು ಭಾಗ. ಹೊಗೆಸೊಪ್ಪು ತುಂಬುವ ಬಟ್ಟಲು. ಬಟ್ಟಲಿನಿಂದ ಹೊರಟ ಮರದ ಕತ್ತು. ಬಾಯಿಗೆ ಇಡುವ ಕಪ್ಪು ಕೊಳವೆ. ಬಟ್ಟಲು ಮತ್ತು ಕತ್ತು ಒಂದೇ ತುಂಡು ಮರ. ಬ್ರಯರ್ ಅಂತ ಅದಕ್ಕೆ ಹೆಸರು. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಗುಡ್ಡಗಳಲ್ಲಿ ಬೆಳೆಯುವ ಒಂದು ಪೊದೆ ಗಿಡದ ಬುಡದಲ್ಲಿ, ಬೇರು ಮತ್ತು ಕಾಂಡ ಸೇರುವ ಜಾಗದಲ್ಲಿ, ಒಂದು ದೊಡ್ಡ ಗಂಟು ಕಟ್ಟುತ್ತದೆ. ಆ ಗಂಟನ್ನು ಅಗೆದು, ಕೊಯ್ದು, ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಒಣಗಿಸಿ ಪೈಪು ಮಾಡುತ್ತಾರೆ. ಇಟಲಿಯಲ್ಲಿ ಕಲಾಬ್ರಿಯಾ, ಟಸ್ಕನಿ, ಲಿಗೂರಿಯಾ ಕಡೆ ಈ ಗಂಟು ಸಿಗುತ್ತದೆ. ನಮ್ಮ ಬಡಗಿಗಳು ಗಂಟು ಕಂಡರೆ ಮುಖ ಸಿಂಡರಿಸುತ್ತಾರೆ. ಇಲ್ಲಿ ಬೆಲೆ ಇರುವುದೇ ಗಂಟಿಗೆ.

ಆ ಕತ್ತಿನ ಎಡಗಡೆ ಮತ್ತು ಬಲಗಡೆ ಸಣ್ಣ ಅಕ್ಷರಗಳನ್ನು ಒತ್ತಿರುತ್ತಾರೆ. ಸಾಮಾನ್ಯವಾಗಿ ಎಡಗಡೆ ಹೆಸರು. ಬಲಗಡೆ ಆಕಾರದ ನಂಬರು ಮತ್ತು ದೇಶ. ಪೈಪಿನ ಜಾತಕ ಇಷ್ಟೇ. ಮರ ಗಟ್ಟಿಯೇ, ಆದರೆ ಅಕ್ಷರದ ಆಳ ಕೂದಲೆಳೆಯಷ್ಟು. ಪಾಲಿಶ್ ಚಕ್ರಕ್ಕೆ ಕೊಟ್ಟರೆ ಕ್ಷಣದಲ್ಲಿ ಹೋಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ದಾವಣಗೆರೆಯ ವಿದ್ಯಾನಗರದ ಒಬ್ಬ ಹುಡುಗನ ಕಥೆ ಹೇಳಬೇಕು. ಕಾಲೇಜಿನಲ್ಲಿ ಪಾಠ ಹೇಳುತ್ತಾನೆ, ಓದಿಕೊಂಡವನು. ಹರಾಜಿನಲ್ಲಿ ಒಂದು ಪೈಪು ಕೊಂಡಿದ್ದ. ಮಾರಿದವರು ಬರೆದಿದ್ದು ಹೀಗೆ: ‘ಇಂಗ್ಲೆಂಡಿನ ದೊಡ್ಡ ಮನೆತನದ ಪೈಪು, 120 ವರ್ಷ ಹಳೆಯದು, ಒಡೆಯನ ಹೆಸರಿನ ಮೊದಲಕ್ಷರ ಕೆ ಎಸ್ ಇದೆ.’ ಹುಡುಗ ನಂಬಿದ್ದ. ಮನೆಗೆ ಬಂದ ಮೇಲೆ ಅವನ ತಾಯಿ ಅದನ್ನು ನೋಡಿ, ಎಷ್ಟು ಕೊಳೆ ಅಂತ ಕೊಬ್ಬರಿ ಎಣ್ಣೆ ಸವರಿ, ಪಾತ್ರೆ ಬೆಳಗುವ ಪುಡಿ ಕೈಗೆ ತೆಗೆದುಕೊಂಡಿದ್ದಾರೆ. ಪುಣ್ಯಕ್ಕೆ ಎಣ್ಣೆ ಬಟ್ಟಲಿಗೆ ಮಾತ್ರ ತಾಗಿತ್ತು. ಅಷ್ಟರಲ್ಲಿ ಯಾರೋ ನನ್ನ ಹೆಸರು ಹೇಳಿ, ಮೊದಲು ಅವರಿಗೆ ತೋರಿಸು ಅಂದಿದ್ದಾರೆ. ಹುಡುಗ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಭಾನುವಾರ ಸಂಜೆ ತಾಯಿಯನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದ.

‘ಸರ್, ಯಾವ ಮನೆತನದ್ದು ಇರಬಹುದು?’ ಅಂದ.

‘ತಮ್ಮಾ, ಮನೆತನ ಆಮೇಲೆ. ಮೊದಲು ಓದೋಣ’ ಅಂದೆ.

ಜಗಲಿಯಲ್ಲಿ ಕೂತೆವು. ಇಳಿಬಿಸಿಲು ಓರೆಯಾಗಿ ಬೀಳುತ್ತಿತ್ತು. ಮುದ್ರೆ ಓದಲು ಇದಕ್ಕಿಂತ ಒಳ್ಳೆಯ ಬೆಳಕಿಲ್ಲ. ನೇರ ಬೆಳಕಿನಲ್ಲಿ ಸವೆದ ಅಕ್ಷರ ಕಾಣುವುದಿಲ್ಲ. ಓರೆ ಬೆಳಕಿನಲ್ಲಿ ಪ್ರತಿ ಗೆರೆಗೂ ನೆರಳು ಬೀಳುತ್ತದೆ, ಅಕ್ಷರ ಎದ್ದು ಕಾಣುತ್ತದೆ. ಬಿಸಿಲು ಇಲ್ಲದಿದ್ದರೆ ಫೋನಿನ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಕೈಯಲ್ಲಿ ಒಂದು ಭೂತಗನ್ನಡಿ ಇರಲಿ. ಆಗಲೂ ಕಾಣದಿದ್ದರೆ ಸ್ವಲ್ಪ ಸೀಮೆಸುಣ್ಣದ ಪುಡಿಯನ್ನು ಬೆರಳ ತುದಿಯಲ್ಲಿ ಮೆಲ್ಲಗೆ ಸವರಿ. ಮೆಲ್ಲಗೆ. ಉಜ್ಜಬಾರದು.

ಎಡಗಡೆ ಯಾವುದೋ ಅಂಗಡಿಯ ಹೆಸರು, ಅರ್ಧ ಸವೆದಿತ್ತು. ಬಲಗಡೆ ತಿರುಗಿಸಿದೆ. ಕೆ ಎಸ್ ಬರಿಗಣ್ಣಿಗೇ ಕಾಣುತ್ತಿತ್ತು. ಅದರ ಹಿಂದೆ ಮೂರು ಅಂಕಿ: 320. ಕೆಳಗೆ, ಬಿಸಿಲಿಗೆ ಹಿಡಿದಾಗ ಮಾತ್ರ, ಇಂಗ್ಲಿಷ್ ಅಕ್ಷರದಲ್ಲಿ ಇಟಲಿ. ಇಂಗ್ಲೆಂಡಿನ ಮನೆತನ ಅಲ್ಲಿಗೆ ಮುಗಿಯಿತು. ಹುಡುಗನ ಮುಖ ಸಪ್ಪಗಾಯಿತು. ನನಗೆ ಮಾತ್ರ ಖುಷಿಯೋ ಖುಷಿ. ಯಾಕೆ ಅಂದರೆ 320 ಅನ್ನುವುದು ಸಾವಿನೆಲ್ಲಿ ಅನ್ನುವ ಇಟಲಿಯ ಪೈಪು ಕಂಪನಿಯ ಬಹಳ ಹೆಸರಾದ ಆಕಾರ. ಗಿಡ್ಡ ಪೈಪು, ಮೇಲೆ ಕೆಳಗೆ ಅದುಮಿದಂಥ ದುಂಡು ಬಟ್ಟಲು, ದಪ್ಪ ಕತ್ತು, ಕೊಳವೆ ಸ್ವಲ್ಪ ಬಾಗಿರುತ್ತದೆ. ಕೈಯಲ್ಲಿದ್ದ ಪೈಪು ಹಾಗೇ ಇತ್ತು. ಕೆ ಎಸ್ ಯಾವ ಒಡೆಯನ ಹೆಸರೂ ಅಲ್ಲ. ಕಿಂಗ್ ಸೈಜ್! ದೊಡ್ಡ ಅಳತೆ ಅಂತ ಕಾರ್ಖಾನೆಯವರು ಒತ್ತಿದ್ದು.

ಇನ್ನೂ ಒಂದು ಸಾಕ್ಷಿ ಬೇಕಿತ್ತು. ಕತ್ತನ್ನು ಭದ್ರವಾಗಿ ಹಿಡಿದು, ಕೊಳವೆಯನ್ನು ನಿಧಾನವಾಗಿ ತಿರುಗಿಸುತ್ತಾ ಎಳೆದೆ. ನೀವೂ ಹೀಗೇ ಮಾಡಬೇಕು. ಬಟ್ಟಲು ಹಿಡಿದು ಎಳೆದರೆ ಕತ್ತು ಸೀಳುತ್ತದೆ. ಕೊಳವೆಯ ತೂತು ಅಗಲವಾಗಿತ್ತು. ಒಳಗೆ ಕಂದು ಬಣ್ಣಕ್ಕೆ ತಿರುಗಿದ, ಮೂರು ಮೂಲೆಯ ಒಂದು ಸಣ್ಣ ಕಡ್ಡಿ ಸಿಕ್ಕಿಕೊಂಡಿತ್ತು. ತಾಯಿ ಅದನ್ನು ಕಸ ಅಂದುಕೊಂಡು ‘ತೆಗೆದು ಬಿಸಾಡಿ ಸರ್’ ಅಂದರು. ‘ಅಮ್ಮಾ, ಇದು ಕಸ ಅಲ್ಲ’ ಅಂತ ಅವರ ಅಂಗೈಯಲ್ಲೇ ಇಟ್ಟೆ. ಬಾಲ್ಸಾ ಅನ್ನುವ ತುಂಬಾ ಹಗುರ ಮರದ ಫಿಲ್ಟರ್ ಅದು. ತೇವ ಹೀರಿಕೊಳ್ಳಲಿ ಅಂತ ಇಡುವುದು. ಈ ಪದ್ಧತಿ ಸಾವಿನೆಲ್ಲಿಯದು. ಮುದ್ರೆ, ಆಕಾರ, ಬಾಲ್ಸಾ ಮೂರೂ ಒಂದೇ ಮನೆ ತೋರಿಸಿದವು. ಸಾವಿನೆಲ್ಲಿಯವರು ಬೇರೆ ಅಂಗಡಿಗಳ ಹೆಸರಿನಲ್ಲೂ ಪೈಪು ಮಾಡಿ ಕೊಡುತ್ತಿದ್ದರು. ಹೆಸರು ಅಂಗಡಿಯದು, ನಂಬರು ಮಾತ್ರ ತಮ್ಮದೇ. ಇದೂ ಅಂಥದ್ದು.

120 ವರ್ಷದ ಮಾತೂ ನಿಲ್ಲಲಿಲ್ಲ. ಸಾವಿನೆಲ್ಲಿ ಮನೆಯವರು ಮಿಲಾನ್ ನಗರದಲ್ಲಿ ಅಂಗಡಿ ತೆರೆದದ್ದು 1876ರಲ್ಲಿ, ನಿಜ. ಆದರೆ ಅವರ ಸ್ವಂತ ಕಾರ್ಖಾನೆ ಶುರುವಾದದ್ದು 1945ರಲ್ಲಿ, ವಾರೆಸೆ ಊರಿನ ಹತ್ತಿರ. ಅಂಗಡಿಯ ವರ್ಷ ತೋರಿಸಿ ಪೈಪಿನ ವಯಸ್ಸು ಹೇಳುವ ವ್ಯಾಪಾರಿಗಳು ಬೇಕಾದಷ್ಟು ಜನ ಇದ್ದಾರೆ. ಕಿವಿಗೊಡಬೇಡಿ. ಹುಡುಗ ಹೋಗುವಾಗ ಪೈಪನ್ನು ಬಂದದ್ದಕ್ಕಿಂತ ಜೋಪಾನವಾಗಿ ಸುತ್ತಿಕೊಂಡ. ಪುಡಿ ಹಾಕಿ ಬೆಳಗಿದ್ದರೆ ಇದರಲ್ಲಿ ಒಂದು ವಿಷಯವೂ ತಿಳಿಯುತ್ತಿರಲಿಲ್ಲ, ಅಲ್ವಾ?

ಸಮಯ ಓಡುತ್ತಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಇಟಲಿ ಅನ್ನುವುದು ಇಂಗ್ಲಿಷಿನಲ್ಲಿ ಯಾಕೆ? ಆಮದಾಗುವ ಸಾಮಾನಿನ ಮೇಲೆ ದೇಶದ ಹೆಸರು ಇಂಗ್ಲಿಷಿನಲ್ಲಿ ಇರಬೇಕು ಅಂತ ಅಮೆರಿಕ 1890ರಲ್ಲೇ ಕಾನೂನು ಮಾಡಿತು. ಆ ಮಾತು ಕಂಡರೆ ಹೊರದೇಶಕ್ಕೆ ಅಂತ ಮಾಡಿದ್ದು ಅಂತ ತಿಳಿಯಿರಿ.

ಕ್ಯಾಸ್ಟೆಲ್ಲೊ ಅನ್ನುವುದು ಇನ್ನೊಂದು ದೊಡ್ಡ ಹೆಸರು. ಕಾರ್ಲೊ ಸ್ಕೊಟ್ಟಿ 1947ರಲ್ಲಿ ಕಾಂತು ಊರಿನಲ್ಲಿ ಶುರು ಮಾಡಿದ್ದು. ಹಳೆಯ ಕ್ಯಾಸ್ಟೆಲ್ಲೊ ಮೇಲೆ 66171 ಅಂತ ಒಂದು ನಂಬರು ಇರುತ್ತದೆ. ಅದು ನೋಂದಣಿ ನಂಬರು. ಇದು ಅಪರೂಪದ ಸರಣಿ, 66171ನೇ ಪೈಪು ಅಂತ ಯಾರಾದರೂ ಹೇಳಿದರೆ ಸುಮ್ನೆ ನಮಸ್ಕಾರ ಹೇಳಿ ಬನ್ನಿ. ಕ್ಯಾಸ್ಟೆಲ್ಲೊ ಪೈಪಿನಲ್ಲಿ ಕೆ ಅಕ್ಷರ ಜಾಸ್ತಿ ಇದ್ದಷ್ಟೂ ಅಳತೆ ದೊಡ್ಡದು. ಬ್ರೆಬ್ಬಿಯಾ ಅಂತ ಇದ್ದರೆ ಅದು ವಾರೆಸೆ ಕಡೆಯ ಅದೇ ಹೆಸರಿನ ಊರಿನದು. ಮೀಸೆಯ ಗುರುತು ಇದ್ದರೆ ಕಾಮಿನೆತ್ತೊ. ಮಾಸ್ತ್ರೊ ದೆ ಪಾಯಾ, ಸೆರ್ ಯಾಕೊಪೊ ಎರಡೂ ಪೆಸಾರೊ ಊರಿನವು.

ಕೊಳವೆ ನೋಡಿ. ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿದ್ದರೆ ಎಬೊನೈಟ್. ರಾಜಮಂಡ್ರಿಯಲ್ಲಿ ಕೈಯಿಂದ ಮಾಡುವ ಪೆನ್ನುಗಳಿವೆಯಲ್ಲ, ಅದೇ ಸಾಮಾನು. ಬೆರಳಿನಿಂದ ತಿಕ್ಕಿ ಮೂಸಿದರೆ ಗಂಧಕದ ವಾಸನೆ ಬರುತ್ತದೆ. ಬಣ್ಣ ಬದಲಾಗದೆ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಅಕ್ರಿಲಿಕ್. ಆದರೆ ಕೊಳವೆ ಮೇಲಿನ ಗುರುತನ್ನು ಮಾತ್ರ ನಂಬಬೇಡಿ. ಮುರಿದರೆ ಬೇರೆ ಕೊಳವೆ ಹಾಕುತ್ತಾರೆ. ಕತ್ತು ಬದಲಾಗುವುದಿಲ್ಲ, ಅದನ್ನೇ ಓದಿ.

ಇನ್ನು ಹರಾಜಿಗೆ ಇಳಿಯುವ ಮುಂಚೆ ಮಾರುವವರಿಗೆ ಬರೆದು ಕೇಳಿ. ಕತ್ತಿನ ಎಡಗಡೆಯದೊಂದು ಫೋಟೋ, ಬಲಗಡೆಯದೊಂದು ಫೋಟೋ, ಓರೆ ಬೆಳಕಿನಲ್ಲಿ, ಹತ್ತಿರದಿಂದ. ಅದಕ್ಕೆ ಅವರಿಗೆ ಒಂದು ನಿಮಿಷ ಬೇಕು. ಹೊಳೆಯುವ ಬಟ್ಟಲಿನ ಫೋಟೋ ಎಷ್ಟು ಕಳಿಸಿದರೂ ಲೆಕ್ಕಕ್ಕಿಲ್ಲ. ಕತ್ತಿನ ಆ ಎರಡು ಫೋಟೋ ಬರುವ ತನಕ ಒಂದು ರೂಪಾಯಿಯನ್ನೂ ಕೂಗಬೇಡಿ. ನಮಸ್ಕಾರ.