ಭಾವಚಿತ್ರ ಬರೆಯುವವರು ಮೊದಲು ದರ ಹೇಳಬೇಕು

ಗೆಳೆಯರೇ, ಕೊಪ್ಪಳದ ಈ ಸಭೆಯಲ್ಲಿ ಕುಳಿತಿರುವ ಬಹಳಷ್ಟು ಮಂದಿ ಚಿತ್ರಕಲೆ ಕಲಿತು ನೌಕರಿಯ ದಾರಿ ಕಾಯುತ್ತಿದ್ದೀರಿ. ಬೆಳಿಗ್ಗೆ ಚಹಾ ಕುಡಿಯುವಾಗಲೂ ಒಂದೇ ಮಾತು ಕಿವಿಗೆ ಬಿತ್ತು: "ನಮ್ಮ ಕಡೆ ಚಿತ್ರಕ್ಕೆ ದುಡ್ಡು ಕೊಡುವವರು ಯಾರಿದ್ದಾರೆ ಸರ್, ಅದೇನಿದ್ದರೂ ಬೆಂಗಳೂರಿನಲ್ಲಿ." ಈ ಮಾತನ್ನು ನಾನು ಒಪ್ಪುವುದಿಲ್ಲ. ಯಾರದಾದರೂ ಹುಟ್ಟುಹಬ್ಬ ಬಂತೆಂದರೆ ನಮ್ಮ ಸರ್ಕಲ್‌ಗಳಲ್ಲಿ ಎಷ್ಟು ಫ್ಲೆಕ್ಸ್ ಏಳುತ್ತವೆ ನೋಡಿದ್ದೀರಲ್ಲ? ವಾರದೊಳಗೆ ಹರಿದು ಹೋಗುವ ಮುಖಕ್ಕೆ ಹಣ ಕೊಡುವ ಜನ, ಮನೆಯ ಗೋಡೆಯಲ್ಲಿ ಉಳಿಯುವ ಮುಖಕ್ಕೂ ಕೊಡುತ್ತಾರೆ. ನಾವು ಕೇಳುವುದಿಲ್ಲ, ಅಷ್ಟೇ.

ಕೇಳುವುದು ಹೇಗೆ? ದರವನ್ನು ಮೊದಲು ಹೇಳಿ, ಪೆನ್ಸಿಲ್ ಆಮೇಲೆ ಹಿಡಿಯಿರಿ. "ನಿಮಗೆ ತಿಳಿದಷ್ಟು ಕೊಡಿ" ಎನ್ನಬೇಡಿ. ಎದುರಿನವರಿಗೆ ಏನೂ ತಿಳಿದಿರುವುದಿಲ್ಲ, ಪಾಪ, ಸಂಕೋಚಕ್ಕೆ ಸಿಕ್ಕಿಕೊಳ್ಳುತ್ತಾರೆ. ಲೆಕ್ಕ ಸರಳವಾಗಿದೆ. ದಿನಕ್ಕೆ 800 ರೂಪಾಯಿ ದುಡಿಮೆ ಬೇಕು ಎಂದುಕೊಳ್ಳಿ. ಎ3 ಅಳತೆಯ ಒಂದು ಮುಖಕ್ಕೆ ಮೂರು ದಿನ ಹಿಡಿದರೆ 2,400 ಆಯಿತು. ಕಾಗದ, ಇದ್ದಿಲು, ಅದು ಉದುರದಂತೆ ಮೇಲೆ ಸಿಂಪಡಿಸುವ ಫಿಕ್ಸೆಟಿವ್‌ಗೆ 300 ಸೇರಿಸಿ. ಕಟ್ಟು ಹಾಕಿಸುವ ಖರ್ಚು ಬೇರೆ. ಒಂದೇ ಹಾಳೆಯಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಕೇಳಿದರೆ ಕಾಗದ ಅಷ್ಟೇ ಇದ್ದರೂ ಕೆಲಸ ಇಮ್ಮಡಿಯಾಗುತ್ತದೆ, ದರವೂ ಏರಬೇಕು. ಅರ್ಧ ಹಣ ಸಂಚಕಾರವಾಗಿ ಪಡೆದ ಮೇಲೆಯೇ ಕೆಲಸ ಆರಂಭಿಸಿ. ನೆಂಟರಿಗೂ ಇದೇ ದರ. ನೆಂಟರ ಹೆಸರು ಹೇಳಿದೊಡನೆ ಕೆಲವರು ತಲೆ ತಗ್ಗಿಸಿದಿರಿ, ಅರ್ಥವಾಯಿತು!

ಗಿರಾಕಿಗಳು ಎಲ್ಲಿಂದ ಬರುತ್ತಾರೆ ಎಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಕುಷ್ಟಗಿ ಕಡೆಯ ವ್ಯಾಪಾರಿಯೊಬ್ಬರು ಹಳೆಯ ಗುಂಪು ಫೋಟೊ ತಂದರು. ತೀರಿಕೊಂಡ ತಾಯಿಯ ಚಿತ್ರ ಬೇಕಿತ್ತು, ಇದ್ದದ್ದು ಅದೊಂದೇ ಫೋಟೊ. ಅದರಲ್ಲಿ ಆಕೆಯ ಮುಖ ಹೆಬ್ಬೆರಳಿನ ಉಗುರಿನಷ್ಟು, ಅದಕ್ಕೂ ಸೆರಗಿನ ನೆರಳು. ನಾನು ದರ ಹೇಳಿದೆ, ಸಂಚಕಾರ ಪಡೆದೆ, ಆಮೇಲೆ "ತಾಯಿಯ ಜೊತೆ ಬೆಳೆದವರು ಯಾರಾದರೂ ಇದ್ದಾರೆಯೇ?" ಎಂದು ಕೇಳಿದೆ. ಮರುವಾರ ತಮ್ಮ ಚಿಕ್ಕಮ್ಮನನ್ನು ಕರೆತಂದರು. ಆ ಅಜ್ಜಿ ಹಲಗೆಯ ಪಕ್ಕದಲ್ಲಿಯೇ ಕುಳಿತರು. "ಮೂಗುತಿ ಈ ಕಡೆ ಅಲ್ಲಪ್ಪ, ಎಡಕ್ಕೆ. ಗದ್ದದ ಮೇಲೆ ಹಚ್ಚೆಯ ಮೂರು ಚುಕ್ಕಿ ಇದ್ದವು. ಅಕ್ಕ ನಕ್ಕರೆ ಒಂದು ಕಣ್ಣು ಸಣ್ಣದಾಗುತ್ತಿತ್ತು." ನಾನು ಅಳಿಸಿದೆ, ಬರೆದೆ, ಮತ್ತೆ ಅಳಿಸಿದೆ. ಇಳಕಲ್ ಸೀರೆಯ ದಡಿಯನ್ನು ಸ್ವತಃ ಉಟ್ಟ ಸೀರೆಯಲ್ಲಿಯೇ ತೋರಿಸಿದರು. ಕೆಳರೆಪ್ಪೆಯನ್ನು ಒಂದು ಎಳೆ ಮೇಲಕ್ಕೆತ್ತಿದಾಗ ಅವರು ಮಾತು ನಿಲ್ಲಿಸಿ, ಕೈಮುಗಿದರು.

ಆ ಚಿತ್ರ ಪುಣ್ಯಸ್ಮರಣೆಯ ದಿನ ಪಡಸಾಲೆಯಲ್ಲಿ ತೂಗಿತು. ಬಳಗವೆಲ್ಲ ಊಟಕ್ಕೆ ಬಂದಿತ್ತು. ಕಟ್ಟಿನ ಹಿಂಬದಿಯಲ್ಲಿ ನನ್ನ ಹೆಸರು, ಊರು, ಮೊಬೈಲ್ ಸಂಖ್ಯೆ ಬರೆದಿದ್ದೆ. ತಿಂಗಳೊಳಗೆ ಸಿಂಧನೂರಿನಿಂದ ಒಬ್ಬರು, ಬಳ್ಳಾರಿಯಿಂದ ಇನ್ನೊಬ್ಬರು ಫೋನ್ ಮಾಡಿದರು. ಇಬ್ಬರೂ ಮೊದಲು ಕೇಳಿದ್ದು ದರವನ್ನೇ! ಚೌಕಾಸಿ ಮಾಡಲಿಲ್ಲ, ಏಕೆಂದರೆ ವ್ಯಾಪಾರಿ ಎಷ್ಟು ಕೊಟ್ಟಿದ್ದಾರೆ ಎಂಬುದು ಬಳಗಕ್ಕೆ ಗೊತ್ತಿತ್ತು. ನಾನು ದರ ಹೇಳಿಯೇ ಬರೆಯಿರಿ ಎನ್ನುವುದು ಇದಕ್ಕೇ. ಒಬ್ಬರಿಗೆ ಪುಕ್ಕಟೆ ಬರೆದುಕೊಟ್ಟರೆ ಆ ಸುದ್ದಿಯೂ ಇಷ್ಟೇ ದೂರ ಹೋಗುತ್ತದೆ.

ಇನ್ನೊಂದು ವಿಷಯ. ಕಿನ್ನಾಳದವರು ಕೆಲವರು ಇಲ್ಲಿದ್ದೀರಿ. ನಿಮ್ಮ ಊರಿನ ಕಲೆಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಇದೆ, ಅಂದರೆ ಆ ಹೆಸರು ಆ ಊರಿನ ಕೆಲಸಕ್ಕೇ ಮೀಸಲು. ಹಗುರ ಮರದ ಬಣ್ಣದ ಮೂರ್ತಿ ಬೇಕೆಂದವರು ಊರಿನ ಹೆಸರು ಹೇಳಿಕೊಂಡೇ ಹುಡುಕಿ ಬರುತ್ತಾರೆ. ಹಾಗೆ ನೀವೂ ಒಂದು ಕೆಲಸಕ್ಕೆ ಹೆಸರಾಗಬೇಕು. ಹಳೆಯ ಫೋಟೊದಿಂದ ಹಿರಿಯರ ಮುಖ ಬರೆಯುವವರು ಎಂದಾದರೂ ಸರಿ, ಮಕ್ಕಳ ಮುಖ ಎಂದಾದರೂ ಸರಿ. ನಾಮಫಲಕ, ರಂಗೋಲಿ, ಗೋಡೆಬರಹ ಎಲ್ಲವನ್ನೂ ಒಂದೇ ಕಾರ್ಡಿನಲ್ಲಿ ಅಚ್ಚು ಹಾಕಿಸಿದರೆ ಯಾವುದಕ್ಕೂ ನೆನಪಾಗುವುದಿಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲವಾದರೆ ಕಣ್ಣಿನ ವಿವರವೇ ಕರಗಿಹೋಗುತ್ತದೆ. ಇದ್ದಿಲಿನ ಚಿತ್ರ ಗಾಜಿಗೆ ತಾಗದಂತೆ ನಡುವೆ ಮೌಂಟ್, ಅಂದರೆ ದಪ್ಪ ರಟ್ಟಿನ ಅಂಚು, ಹಾಕಿಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಬರೆಸಿದ ಭಾವಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದೇ. ಆದ್ದರಿಂದ ಇನ್‌ಸ್ಟಾಗ್ರಾಂನಲ್ಲಿ ತೋರಿಸಲು ಅನುಮತಿಯನ್ನು ರಸೀದಿಯಲ್ಲಿಯೇ ಬರೆಸಿಕೊಳ್ಳಿ. ಎಣ್ಣೆಬಣ್ಣದ ವಿಷಯ ಹೇಳಲು ಈಗ ಹೊತ್ತಿಲ್ಲ.

ಊಟಕ್ಕೆ ಇನ್ನೂ ಸ್ವಲ್ಪ ಸಮಯವಿದೆ. ಪ್ರತಿಯೊಬ್ಬರೂ ನಿಮ್ಮ ದರಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ತನ್ನಿ. ಪಂಕ್ತಿಯಲ್ಲಿ ಕೂರುವ ಮುನ್ನ ಒಂದೊಂದಾಗಿ ನೋಡೋಣ. ಕಡಿಮೆ ಬರೆದವರ ಹಾಳೆಯನ್ನು ಖಂಡಿತ ತಿದ್ದುತ್ತೇನೆ.